ಬಾಡಿಗೆ ಸೈಕಲ್ಲಿನ ಬಿಗಿ

ಮೊದಲಿಗೇ ಕ್ಷಮೆ ಕೇಳಿಕೊಳ್ಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಸಾಲು ನೆಟ್ಟಗೆ ಹೋಗುವುದಿಲ್ಲ. ಎಂಟನೇ ತರಗತಿಯ ನಡುವೆ ಶಾಲೆ ಬಿಟ್ಟವಳಿಗೆ ದೊಡ್ಡ ಮಾತುಗಳೂ ಬರುವುದಿಲ್ಲ. ತಪ್ಪು ಕಂಡಲ್ಲಿ ಹೊಡೆದು ಹಾಕಿ ಮತ್ತೆ ಬರೆದಿದ್ದೇನೆ. ಇದು ಯಶವಂತಪುರದ ನಮ್ಮ ಬೀದಿಯ ರತ್ನಕ್ಕನ ಸಂಗತಿ. ಬರೆಯಲೇ ಎಂದು ಕೇಳಿದಾಗ, ‘ಬರಿ, ಆದರ ನಾ ಒಳ್ಳೆಯಾಕಿ ಅಂತ ಬರಿಬ್ಯಾಡ’ ಅಂದಳು.

ರತ್ನಕ್ಕನ ಉಗುರುಗಳ ಸುತ್ತ ಸದಾ ಒಂದು ಕಪ್ಪು ಗೆರೆ ಇರುತ್ತದೆ. ಸೀಗೆಪುಡಿ, ಸೀಮೆಎಣ್ಣೆ, ನಿಂಬೆಸಿಪ್ಪೆ ಯಾವುದಕ್ಕೂ ಅದು ಹೋಗುವುದಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ತಟ್ಟೆ ತೆಗೆದುಕೊಳ್ಳುವಾಗ ಮುಖಕ್ಕಿಂತ ಮೊದಲು ಆ ಗೆರೆಯನ್ನೇ ನೋಡುತ್ತಿದ್ದರು. ‘ಹುಡುಗಿ ಸೈಕಲ್ ಅಂಗಡಿಯಲ್ಲಿ ಕೂರ್ತಾಳಂತೆ’ ಎಂದು ಎದ್ದು ಹೋದವರೂ ಇದ್ದರು. ಅದಕ್ಕೆಲ್ಲ ಅವಳು ಅತ್ತವಳಲ್ಲ. ಅಂಗಡಿಗೆ ಹೋಗಿ ಒಂದು ಪಂಕ್ಚರ್ ಹಾಕಿದರೆ ಅವಳ ದುಃಖ ಅರ್ಧ ಇಳಿಯುತ್ತಿತ್ತು.

ಅವರದು ಗದಗಿನ ಕಡೆಯ ಮನೆ. ತಂದೆ ನಾಗಲಿಂಗಪ್ಪ ಇಲ್ಲಿಯ ಒಂದು ಕಾರ್ಖಾನೆಗೆ ಕೆಲಸಕ್ಕೆ ಬಂದು, ಹೆಂಡತಿ ಮಕ್ಕಳನ್ನು ಕರೆಸಿಕೊಂಡು, ನೆಲೆ ನಿಲ್ಲುವ ಮೊದಲೇ ತೀರಿಹೋದರು. ತಾಯಿಯೂ ಆಮೇಲೆ ಹೆಚ್ಚು ಕಾಲ ಉಳಿಯಲಿಲ್ಲ. ಅಣ್ಣ ಪಂಚಪ್ಪ ಎಪ್ಪತ್ತಾರನೇ ಇಸವಿಯಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟ. ರತ್ನಕ್ಕ ಏಳನೇ ತರಗತಿಗೆ ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತಳು. ಅಣ್ಣ ಹಳೆಯ ಸೈಕಲ್ ಕೊಳ್ಳಲು ಹೋದರೆ ತಂಗಿಯೂ ಜೊತೆಗೆ ಹೋಗಬೇಕು. ಅವನು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, ಕಡ್ಡಿಗಳ ಮೇಲೆ ಬೆರಳಾಡಿಸಿ, ಕೊನೆಗೆ ಅವಳ ಕಡೆ ತಿರುಗಿ, “ಏನಂತಿ ರತ್ನಾ?” ಎನ್ನುತ್ತಿದ್ದ. ಅವಳು ತಲೆಯಾಡಿಸಿದರೆ ವ್ಯಾಪಾರ, ಇಲ್ಲದಿದ್ದರೆ ಇಲ್ಲ. ಲೋಕದಲ್ಲಿ ತನ್ನನ್ನು ಯಾರಾದರೂ ಒಂದು ಮಾತು ಕೇಳುತ್ತಾರೆ ಎಂದರೆ ಅದು ಅಣ್ಣ ಒಬ್ಬನೇ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಅವಳು ಆಸ್ತಿಯ ಹಾಗೆ ಕಾಪಾಡಿಕೊಂಡಿದ್ದಳು.

ಎಂಬತ್ಮೂರರ ಬೇಸಿಗೆಯಲ್ಲಿ ಪಂಚಪ್ಪ ಮದುವೆಯಾದ. ಹುಡುಗಿ ಸೋಲದೇವನಹಳ್ಳಿಯವಳು, ಹೆಸರು ಶಿವಗಂಗಾ, ರತ್ನಕ್ಕನಿಗಿಂತ ಎರಡು ಮೂರು ವರ್ಷ ಚಿಕ್ಕವಳು. ಅಣ್ಣನ ಹೆಂಡತಿಯಾದ್ದರಿಂದ ರತ್ನಕ್ಕ ಅವಳನ್ನು ವೈನಿ ಅನ್ನಬೇಕು. ವಯಸ್ಸಿನಲ್ಲಿ ರತ್ನಕ್ಕ ದೊಡ್ಡವಳಾದ್ದರಿಂದ ಶಿವಗಂಗಾ ಇವಳನ್ನು ಅಕ್ಕ ಎನ್ನುತ್ತಿದ್ದಳು. ಮೊದಲ ತಿಂಗಳೆಲ್ಲ ಚೆನ್ನಾಗಿಯೇ ನಡೆಯಿತು. ಹೊಸಬಳು ಅಡುಗೆಮನೆಯಲ್ಲಿ, ಇವಳು ಅಂಗಡಿಯಲ್ಲಿ. ಅವರವರ ಜಾಗ ಅವರವರಿಗೆ ಇತ್ತು.

ಕೆಟ್ಟದ್ದು ಒಂದು ಮಧ್ಯಾಹ್ನ. ಅಣ್ಣನಿಗೆ ಊಟದ ಡಬ್ಬಿ ತಂದ ಶಿವಗಂಗಾ, ಸುಮ್ಮನೆ ನಿಂತಿದ್ದ ಒಂದು ಲೇಡೀಸ್ ಸೈಕಲ್ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀದಿಗೆ ಇಳಿದಳು. ಎದುರಿನಿಂದ ಎತ್ತಿನ ಗಾಡಿ ಬಂತು. ಅವಳು ಬ್ರೇಕು ಹಿಡಿದು, ಮುಂದಿನ ಚಕ್ರವನ್ನು ಸ್ವಲ್ಪ ಓರೆ ಮಾಡಿ, ಕಾಲು ನೆಲಕ್ಕೆ ಊರದೆ ನಿಂತ ಜಾಗದಲ್ಲೇ ನಿಂತಳು. ಗಾಡಿ ಪೂರಾ ದಾಟುವವರೆಗೂ ಹಾಗೆಯೇ ಇದ್ದಳು. ಗಾಡಿಯವನು ಹಿಂದಿರುಗಿ ನೋಡುತ್ತಲೇ ಹೋದ.

ಪಂಚಪ್ಪನ ಬಾಯಿ ತೆರೆದದ್ದು ಮುಚ್ಚಲಿಲ್ಲ. “ಎಲ್ಲಿ ಕಲತಿ ಇದನ್ನ?”

“ನಮ್ಮೂರ್ ಕೆರೆ ಏರಿ ಮ್ಯಾಲೆ ಕಣ್ರೀ. ಸ್ಕೂಲಿಗೆ ಅದೇ ದಾರಿ. ಒಂದ್ ಕಡೆ ನೀರು, ಇನ್ನೊಂದ್ ಕಡೆ ಜಾಲಿ ಮುಳ್ಳು. ಎದುರ್ಗೆ ದನ ಬಂದ್ರೆ ಕಾಲ್ ಊರೋಕೆ ಜಾಗ ಎಲ್ಲೈತೆ? ಅಂಗೇ ನಿಂತ್ಕೊಳೋದು.”

ಆ ವರ್ಷ ಸ್ಟೇಷನ್ ಹಿಂದಿನ ಬಯಲಿನಲ್ಲಿ ರಾಜ್ಯೋತ್ಸವಕ್ಕೆ ಕಾಲು ಊರದ ಸೈಕಲ್ ಪಂದ್ಯ ಇತ್ತು. ಈರುಳ್ಳಿ ಮೂಟೆಗಳ ಸಂದಿಯಲ್ಲಿ ತಿರುಗಿ, ಮಲಗಿಸಿದ ಲಾರಿ ಟೈರು ಹತ್ತಿ ಇಳಿದು, ಇಟ್ಟಿಗೆ ಮೇಲಿಟ್ಟ ಹಲಗೆಯ ಮೇಲೆ ದಾಟಬೇಕು. ಕಾಲು ನೆಲ ಮುಟ್ಟಿದರೆ ಔಟ್. ಗಂಡಸರಿಗೆ ಹಿಂದಿನಿಂದಲೂ ನಡೆಯುತ್ತಿತ್ತು. ಹೆಂಗಸರಿಗೂ ಬೇರೆ ಇಡೋಣ ಎಂದು ಆ ಸಲ ಈರುಳ್ಳಿ ಮಂಡಿಯ ಮೆಹಬೂಬ್ ಪಾಷಾ ಹಟ ಹಿಡಿದಿದ್ದರು. ಮೂಟೆಗಳು ಅವರವೇ ಆದ್ದರಿಂದ ಯಾರೂ ಇಲ್ಲ ಎನ್ನಲಿಲ್ಲ.

“ನಮ್ಮಾಕಿ ಆಡ್ತಾಳ,” ಎಂದು ಪಂಚಪ್ಪ ಹೆಸರು ಕೊಟ್ಟು ಬಂದ. ನಮ್ಮಾಕಿ ಎಂಬ ಆ ಮಾತು ರತ್ನಕ್ಕನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಇಷ್ಟು ವರ್ಷ ಅಂಗಡಿಯಲ್ಲಿ ಕೂತಿದ್ದವಳು ಯಾರ ಆಕಿ?

ಪಂದ್ಯಕ್ಕೆಂದೇ ಒಂದು ಲೇಡೀಸ್ ಸೈಕಲ್ಲನ್ನು ಬಾಡಿಗೆಯ ಸಾಲಿನಿಂದ ತೆಗೆದರು. ಕ್ಯಾರಿಯರ್, ಮಡ್‌ಗಾರ್ಡ್, ಗಂಟೆ ಎಲ್ಲ ಬಿಚ್ಚಿದರು. ಆದರೆ ಕಷ್ಟವೆಲ್ಲ ಹ್ಯಾಂಡಲ್ಲಿನದೇ. ಬಾಡಿಗೆ ಸೈಕಲ್ಲಿನ ಹ್ಯಾಂಡಲ್ ಹಿಂದಕ್ಕೆ ಬಾಗಿರುತ್ತದೆ. ಊರಿಗೆ ಹೋಗಿ ಬರಲು ಸುಖ, ಆದರೆ ಮೂಟೆಗಳ ನಡುವೆ ಪೂರ್ತಿ ತಿರುಗಿಸಿದರೆ ಅದರ ತುದಿ ಮೊಣಕಾಲಿಗೆ ಬಡಿಯುತ್ತದೆ, ಸೀರೆಗೂ ಸಿಕ್ಕಿಕೊಳ್ಳುತ್ತದೆ. ಪಂಚಪ್ಪ ಶಿವಾಜಿನಗರದ ಗುಜರಿಯಿಂದ ಎರಡು ಹ್ಯಾಂಡಲ್ ತಂದ. ಒಂದು ನೇರವಾದ ಅಗಲ ಹ್ಯಾಂಡಲ್, ಇನ್ನೊಂದು ಎಮ್ಮೆಯ ಕೊಂಬಿನಂತೆ ಮೇಲೆದ್ದದ್ದು. ಅವನ್ನು ಹಿಡಿದುಕೊಳ್ಳುವ, ಮುಂದಿನ ಚಕ್ರ ಹಿಡಿಯುವ ಫೋರ್ಕಿನೊಳಗೆ ಇಳಿಯುವ ಕತ್ತುಗಳೂ ಎರಡು ಸಿಕ್ಕಿದವು. ಒಂದರ ಕತ್ತು ಕೊಕ್ಕರೆಯ ಹಾಗೆ ಮುಂದಕ್ಕೆ ಚಾಚಿತ್ತು, ಇನ್ನೊಂದು ಗಿಡ್ಡ.

ನೋಡಿದ ಕೂಡಲೇ ರತ್ನಕ್ಕನಿಗೆ ಗೊತ್ತಾಯಿತು. ಗಿಡ್ಡ ಕತ್ತು, ನೇರ ಹ್ಯಾಂಡಲ್. ಕತ್ತು ಉದ್ದವಾದರೆ ಮೈಭಾರವೆಲ್ಲ ಮುಂದಕ್ಕೆ ಬಿದ್ದು ಮುಂದಿನ ಚಕ್ರ ಮೇಲೇಳುವುದಿಲ್ಲ. ಗಿಡ್ಡವಾದರೆ ಕೈ ಅಲುಗಿದಷ್ಟೇ ಚಕ್ರವೂ ಅಲುಗುತ್ತದೆ. ಹ್ಯಾಂಡಲ್ ಅಗಲವಾದಷ್ಟೂ ನಿಧಾನದಲ್ಲಿ ಹಿಡಿತ ಜಾಸ್ತಿ. ಕೊಂಬಿನದು ನೋಡಲು ಚೆಂದ, ಬಲವಾಗಿ ಎಳೆದರೆ ತಾನೇ ಹಿಂದಕ್ಕೆ ಮಗುಚುತ್ತದೆ. ಇಷ್ಟನ್ನೂ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು, ಅಣ್ಣ ತಿರುಗಿ ಕೇಳುತ್ತಾನೆಂದು ಅವಳು ಟ್ಯೂಬು ಉಜ್ಜುತ್ತಾ ಕಾದಳು.

ಅಣ್ಣ ತಿರುಗಿದ್ದು ಹೆಂಡತಿಯ ಕಡೆಗೆ. “ನೀನ ಹತ್ತಿ ನೋಡು. ಯಾವುದು ಹಿಡಸ್ತದ ಹೇಳು.”

ಮೊದಲು ಅಳತೆ ನೋಡಿದ. ನಮ್ಮ ಕಡೆಯ ಸೈಕಲ್ ಅಂಗಡಿಗಳಲ್ಲಿ ಅದಕ್ಕೆ ಒಂದು ಕ್ರಮ ಇದೆ. ಮೊಣಕೈಯನ್ನು ಸೀಟಿನ ಮೂತಿಗೆ ಇಟ್ಟು ಕೈ ಚಾಚಿದರೆ ಬೆರಳ ತುದಿ ಹ್ಯಾಂಡಲ್ ಮುಟ್ಟಬೇಕು. ಪಂಚಪ್ಪ ಹೆಂಡತಿಯ ಮೊಣಕೈಯನ್ನು ಎರಡು ಕೈಯಲ್ಲೂ ಹಿಡಿದು ಸೀಟಿನ ಮೇಲೆ ಇಟ್ಟ. ಗಾಜಿನ ಲೋಟ ಇಡುವವನ ಹಾಗೆ ಇಟ್ಟ. ರತ್ನಕ್ಕ ಟ್ಯೂಬನ್ನು ಎಷ್ಟು ಉಜ್ಜಿದಳೆಂದರೆ ಪಂಕ್ಚರ್ ಇಲ್ಲದ ಕಡೆಯೂ ತೆಳ್ಳಗಾಯಿತು.

ಗಿಡ್ಡ ಕತ್ತಿಗೆ ಬೆರಳುಗಳು ಹ್ಯಾಂಡಲ್ ದಾಟಿ ಆಚೆ ಹೋದವು. “ಇದು ಆಗೂದಿಲ್ಲ, ಗಿಡ್ಡಾತು,” ಎಂದು ಪಂಚಪ್ಪ ಕೊಕ್ಕರೆ ಕತ್ತನ್ನು ಹಾಕಿದ. ರತ್ನಕ್ಕನಿಗೆ ಒಳಗೇ ಖುಷಿಯಾಯಿತು. ತಪ್ಪು ಮಾಡಲಿ, ಆಮೇಲೆ ನನ್ನ ಹತ್ತಿರವೇ ಬರುತ್ತಾನೆ ಎಂದುಕೊಂಡಳು.

ಶಿವಗಂಗಾ ಅದರ ಮೇಲೆ ಒಂದು ಸುತ್ತು ಹೋಗಿ ಬಂದು ಇಳಿದಳು. “ಇದ್ರಲ್ಲಿ ದಂಡ ನಮಸ್ಕಾರ ಹಾಕ್ದಂಗೆ ಆಯ್ತದೆ. ಚಕ್ರ ಮ್ಯಾಕ್ಕೇ ಬರಲ್ಲ.” ಕೊಂಬಿನ ಹ್ಯಾಂಡಲ್ ಹಾಕಿಸಿದಳು. ಅಭ್ಯಾಸಕ್ಕೆಂದು ಅಂಗಡಿಯ ಮುಂದೆ ಮಲಗಿಸಿದ್ದ ಲಾರಿ ಟೈರಿನ ಎದುರು ಎಳೆದ ಕೂಡಲೇ ಅದು ಮಗುಚಿತು. “ಇದು ಬ್ಯಾಡ, ತಲೆ ಆಡಿಸೋ ಕೋಲೆತ್ತು.” ಆಮೇಲೆ ಗೋಡೆಗೆ ಒರಗಿಸಿದ್ದ ಗಿಡ್ಡ ಕತ್ತನ್ನು ನೋಡಿ, “ಅದುಕ್ಕೇ ನೇರ ಹ್ಯಾಂಡಲ್ ಆಕಿ, ಸೀಟಿಗಿಂತ ಎರಡು ಬೆರಳು ಮ್ಯಾಲಿಟ್ಟು ಕೊಡಿ,” ಅಂದಳು. ಅದನ್ನು ಹತ್ತಿ ಲಾರಿ ಟೈರನ್ನು ಮೆಟ್ಟಿಲು ಹತ್ತಿದ ಹಾಗೆ ಹತ್ತಿ ಇಳಿದಳು.

“ಅಳತಿ ತಪ್ಪಿದ್ರೂ ಗಾಡಿ ಸರಿ ಐತಲ್ಲ!” ಎಂದು ಪಂಚಪ್ಪ ಚಪ್ಪಾಳೆ ತಟ್ಟಿದ. “ನೋಡಿದಿ ಏನ ರತ್ನಾ? ನಿಮ್ಮ ವೈನಿ ತಲಿ ಹೆಂಗ ಓಡ್ತದ!”

“ನೋಡೀನಿ,” ಅಂದಳು ರತ್ನಕ್ಕ.

ಶಿವಗಂಗಾ ತಪ್ಪು ಆರಿಸಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ. ಸರಿಯಾದದ್ದನ್ನೇ ಆರಿಸಿದ್ದಳು. ಇಷ್ಟು ವರ್ಷ ಬೆರಳು ಕಪ್ಪು ಮಾಡಿಕೊಂಡು ಕಲಿತದ್ದನ್ನು ಅವಳು ಮೂರು ಸುತ್ತು ಹೋಗಿ ಬಂದು ಹೇಳಿಬಿಟ್ಟಿದ್ದಳು. ಈಗ ‘ನನಗೂ ಗೊತ್ತಿತ್ತು’ ಎಂದರೆ ಯಾರು ನಂಬುತ್ತಾರೆ? ಆ ಸಂಜೆ ಅಣ್ಣ ಮೂರು ಜನಕ್ಕೂ ಬಿಸಿ ಬೋಂಡ ತಂದ. ರತ್ನಕ್ಕ ಹೊಟ್ಟೆನೋವು ಅಂದಳು. ನೋವು ನಿಜವಾಗಿಯೂ ಇತ್ತು, ಬೋಂಡದಿಂದ ಹೋಗುವ ಜಾತಿಯದಲ್ಲ.

ಪಂದ್ಯದ ಬೆಳಿಗ್ಗೆ ಪಂಚಪ್ಪ ಹಲಗೆ ಎಷ್ಟು ಅಗಲ ಇದೆ ನೋಡಿಕೊಂಡು ಬರಲು ಬಯಲಿಗೆ ಓಡಿದ. ಹೋಗುವಾಗ, “ಚೈನಿಗೆ ಎಣ್ಣಿ ಬಿಡು, ಎಲ್ಲಾ ಒಮ್ಮೆ ಬಿಗಿ ನೋಡು ತಂಗಿ,” ಎಂದು ಹೇಳಿ ಹೋದ.

ಅವಳು ಎಲ್ಲವನ್ನೂ ಬಿಗಿದಳು. ಚಕ್ರದ ನಟ್ಟು, ಪೆಡಲು, ಸೀಟು. ಕೊನೆಗೆ ಹ್ಯಾಂಡಲ್ ಕತ್ತಿನ ನಡುವೆ ಇಳಿಯುವ ಉದ್ದ ಬೋಲ್ಟು. ಇಲ್ಲಿ ಒಂದು ಮಾತು ಹೇಳಬೇಕು. ಬಾಡಿಗೆ ಅಂಗಡಿಯವರು ಈ ಬೋಲ್ಟನ್ನು ಯಾವತ್ತೂ ಪೂರ್ತಿ ಬಿಗಿಯುವುದಿಲ್ಲ. ಬಾಡಿಗೆ ಸೈಕಲ್ ಒಯ್ಯುವವರಲ್ಲಿ ಅರ್ಧ ಜನ ಇನ್ನೂ ಕಲಿಯುವವರು, ಬಿದ್ದೇ ಬೀಳುತ್ತಾರೆ. ಬಿದ್ದಾಗ ಹ್ಯಾಂಡಲ್ ತಿರುಗಿಕೊಂಡರೆ, ಮುಂದಿನ ಚಕ್ರವನ್ನು ಮೊಣಕಾಲುಗಳ ಮಧ್ಯೆ ಹಿಡಿದು ನೆಟ್ಟಗೆ ಮಾಡಿದರೆ ಆಯಿತು. ತಿರುಗದಷ್ಟು ಬಿಗಿಯಿದ್ದರೆ ಹ್ಯಾಂಡಲ್ಲೋ ಫೋರ್ಕೋ ಬೆಂಡಾಗುತ್ತದೆ. ಹಾಗಾಗಿ ಓಡಿಸುವಾಗ ಅಲ್ಲಾಡಬಾರದು, ಬಿದ್ದಾಗ ತಿರುಗಬೇಕು, ಅಷ್ಟೇ ಬಿಗಿ. ಆ ಬಿಗಿ ರತ್ನಕ್ಕನ ಮಣಿಕಟ್ಟಿಗೆ ಗೊತ್ತಿತ್ತು. ಅದಕ್ಕಾಗಿ ಅವಳು ಯೋಚನೆ ಮಾಡಬೇಕಾಗಿರಲಿಲ್ಲ.

ಅವಳು ಬೋಲ್ಟಿನ ತಲೆಗೆ ಪಾನಾ ಸಿಕ್ಕಿಸಿ ತಿರುಗಿಸಿದಳು. ಕೈ ಎಂದಿನ ಜಾಗಕ್ಕೆ ಬಂದು ನಿಂತಿತು. ಆಗ ಒಂದು ಕ್ಷಣ, ಇದು ಬಾಡಿಗೆಗೆ ಹೋಗುವ ಗಾಡಿಯಲ್ಲವಲ್ಲ ಎಂದು ತಲೆಯಲ್ಲಿ ಸುಳಿದ ಹಾಗಾಯಿತು. ಅಷ್ಟರಲ್ಲಿ ಮನೆಯಿಂದ ಶಿವಗಂಗಾ, ಮಲ್ಲಿಗೆ ಮುಡಿದು, ಗಂಡ ತಂದುಕೊಟ್ಟ ಹೊಸ ರಿಬ್ಬನ್ನು ಜಡೆಗೆ ಕಟ್ಟಿಕೊಂಡು ಬಂದಳು. “ಆಯ್ತಾ ಅಕ್ಕ?”

ರತ್ನಕ್ಕ ರಿಬ್ಬನ್ನು ನೋಡಿದಳು. “ಆತು,” ಎಂದು ಪಾನಾ ಕೆಳಗಿಟ್ಟಳು.

ಬಯಲಿನಲ್ಲಿ ಜನವೋ ಜನ. ಮೆಹಬೂಬ್ ಪಾಷಾ ಕೈಯಲ್ಲಿ ಮೈಕು ಹಿಡಿದು, “ಕಾಲ್ ಊರಿದ್ರೆ ಔಟ್ ಕಣ್ರಮ್ಮಾ! ನನ್ ಈರುಳ್ಳಿ ತುಳಿದ್ರೆ ಡಬಲ್ ಔಟ್!” ಎಂದು ನಗಿಸುತ್ತಿದ್ದರು. ಎದುರಾಳಿಗಳು ಮೂಟೆಗಳ ಹತ್ತಿರವೇ ಕಾಲು ಊರಿದರು. ಶಿವಗಂಗಾ ಮೂಟೆಗಳ ನಡುವೆ ಬೆಕ್ಕಿನ ಹಾಗೆ ನುಸುಳಿದಳು, ಟೈರು ಹತ್ತಿ ಇಳಿದಳು. ಪಂಚಪ್ಪ ಪಕ್ಕದಲ್ಲೇ ಓಡುತ್ತಾ, “ಶಭಾಷ್! ಹಂಗ! ಹಂಗ!” ಎಂದು ಕೂಗುತ್ತಿದ್ದ. ರತ್ನಕ್ಕನಿಗೆ ಬೀಳಲಿ ಎಂದೂ ಅನ್ನಿಸಲಿಲ್ಲ, ಗೆಲ್ಲಲಿ ಎಂದೂ ಅನ್ನಿಸಲಿಲ್ಲ. ಅಣ್ಣ ಕೂಗುವುದನ್ನು ನಿಲ್ಲಿಸಲಿ ಎಂದಷ್ಟೇ ಅನ್ನಿಸಿತು.

ಹಲಗೆಗೆ ಹತ್ತಲು ಶಿವಗಂಗಾ ಹ್ಯಾಂಡಲ್ಲನ್ನು ಬಲವಾಗಿ ಎಳೆದು ಮುಂದಿನ ಚಕ್ರ ಎತ್ತಿದಳು. ಚಕ್ರ ಹಲಗೆಯ ಅಂಚಿಗೆ ಓರೆಯಾಗಿ ಕೂತಿತು. ನೇರ ಮಾಡಲು ಕೈ ತಿರುಗಿಸಿದಳು. ಹ್ಯಾಂಡಲ್ ತಿರುಗಿತು, ಚಕ್ರ ತಿರುಗಲಿಲ್ಲ. ಅವಳು ಸೈಕಲ್ ಸಮೇತ ಇಟ್ಟಿಗೆಗಳ ಮೇಲೆ ಬಿದ್ದಳು. ಮೊಣಕೈ ಒಡೆದು ಸೀರೆಯೆಲ್ಲ ರಕ್ತವಾಯಿತು.

ಪಂಚಪ್ಪ ಮೊದಲು ಹೆಂಡತಿಯನ್ನು ಎತ್ತಿ ಕೂರಿಸಿದ. ಆಮೇಲೆ ಸೈಕಲ್ ಎತ್ತಿ, ಚಕ್ರವನ್ನು ಮೊಣಕಾಲುಗಳ ಮಧ್ಯೆ ಹಿಡಿದು ಹ್ಯಾಂಡಲ್ ತಿರುಗಿಸಿದ. ಸಲೀಸಾಗಿ ನೆಟ್ಟಗಾಯಿತು.

“ಏನ್ ಗುರು, ಪಂದ್ಯದ ಗಾಡೀನೂ ಬಾಡಿಗೆ ಗಾಡಿ ಥರ ಬಿಗಿದಿದೀಯಾ?” ಎಂದರು ಮೆಹಬೂಬ್ ಪಾಷಾ.

ಪಂಚಪ್ಪ ಗುಂಪಿನ ಆಚೆ ನಿಂತಿದ್ದ ತಂಗಿಯನ್ನು ಒಮ್ಮೆ ನೋಡಿದ. “ನಾನ ಬಿಗಿದಿದ್ದು ಸಾಹೇಬ್ರ. ಕೈ ರೂಢಿ,” ಅಂದ.

ರತ್ನಕ್ಕನಿಗೆ ನೆಲ ಬಾಯಿ ತೆರೆದರೆ ಸಾಕು ಅನ್ನಿಸಿತು. ಆದರೂ ಆ ಹೊತ್ತಿನಲ್ಲೂ, ಅಣ್ಣ ತನ್ನ ಹೆಗಲ ಟವೆಲನ್ನು ಹರಿದು ಶಿವಗಂಗಳ ಮೊಣಕೈಗೆ ಕಟ್ಟುವುದನ್ನು ಅವಳು ಬಿಡದೆ ನೋಡಿದಳು. ಅದು ರತ್ನಕ್ಕನೇ ಅಂಚಿಗೆ ಹೊಲಿಗೆ ಹಾಕಿಕೊಟ್ಟಿದ್ದ ಟವೆಲು.

ಮರುದಿನ ಅಣ್ಣ ಅವಳನ್ನು ಬೈಯಲಿಲ್ಲ. “ಆ ಬಿಗಿ ನಾನ ಕಲಿಸಿದ್ದಲ್ಲೇನು, ಇದನ್ನ ಪೂರ್ತಿ ಬಿಗಿ ಅಂತ ನಾನ ಹೇಳಬೇಕಿತ್ತು,” ಅಂದವನು ಸೈಕಲ್ ಕೇಳಿ ಬಂದವರ ಕಡೆ ಹೋದ. ಅವನಿಗೆ ಸಂಶಯವೇ ಬಂದಿರಲಿಲ್ಲ. ಸಂಶಯ ಬಂದದ್ದು ಶಿವಗಂಗಳಿಗೆ. ಅಣ್ಣ ಊಟಕ್ಕೆ ಮನೆಗೆ ಹೋದದ್ದನ್ನು ನೋಡಿಕೊಂಡು, ಕೈಗೆ ಪಟ್ಟಿ ಕಟ್ಟಿಕೊಂಡೇ ಅಂಗಡಿಗೆ ಬಂದು, ಗಾಳಿ ಪಂಪಿನ ಪಕ್ಕ ಕೂತಳು.

“ಅಕ್ಕ, ಒಂದ್ ಮಾತ್ ಕೇಳ್ತೀನಿ. ನಿಜ ಏಳ್ಬೇಕು. ಮರೆತ್ರಾ, ಬೇಕಂತ ಬಿಟ್ರಾ?”

ರತ್ನಕ್ಕ ಕೈಯಲ್ಲಿದ್ದ ಟೈರಿನ ಅಂಚನ್ನು ಸವರಿದಳು. ಮರೆತೆ ಅನ್ನಬಹುದಿತ್ತು. ಅಣ್ಣನೇ ನಂಬಿದ್ದ. ಬೇಕಂತ ಮಾಡಿದೆ ಅನ್ನಲೂ ಆಗದು, ಪಾನಾ ಹಿಡಿದಾಗ ಅವಳು ಅಂಥದ್ದೇನೂ ಎಣಿಸಿರಲಿಲ್ಲ. ಆದರೆ ತಲೆಯಲ್ಲಿ ಸುಳಿದದ್ದು, ಆ ರಿಬ್ಬನ್ನು, ಪಾನಾ ಕೆಳಗಿಟ್ಟದ್ದು ಎಲ್ಲ ನೆನಪಿತ್ತು.

“ನನಗ ಗೊತ್ತಿಲ್ರಿ,” ಅಂದಳು. “ಕೈ ರೂಢಿಲೆ ನಿಂತಿತು. ಇನ್ನೊಂದು ಸುತ್ತು ಬೇಕು ಅಂತ ಅನಿಸ್ತು. ತಿರುವಲಿಲ್ಲ. ಯಾಕ ತಿರುವಲಿಲ್ಲ, ನನಗ ಗೊತ್ತಿಲ್ಲ.”

“ಇದೊಳ್ಳೆ ಚೆನ್ನಾಗೈತೆ! ಬಿದ್ದೋಳು ನಾನು, ಗೊತ್ತಿಲ್ಲ ಅನ್ನೋರು ನೀವು.”

“ನಿಮ್ಮನ್ನ ನೋಡಿದ್ರ ನನಗ ಹೊಟ್ಟಿ ಉರಿತೈತಿ,” ಅಂದಳು ರತ್ನಕ್ಕ. ಬಾಯಿಂದ ಹೊರಗೆ ಬಂದಮೇಲೆ ಅವಳಿಗೇ ಭಯವಾಯಿತು.

ಶಿವಗಂಗಾ ಎದ್ದು ಹೋಗಲಿಲ್ಲ. “ಅದು ನಂಗೊತ್ತಿಲ್ವಾ? ಬೋಂಡ ಬ್ಯಾಡ ಅಂದ ದಿವ್ಸಾನೇ ಗೊತ್ತಾಯ್ತು. ಬಿಸಿ ಬೋಂಡ ಯಾರಾದ್ರೂ ಬಿಡ್ತಾರಾ?” ಪಟ್ಟಿಯನ್ನು ಸರಿಮಾಡಿಕೊಂಡಳು. “ನೋಡಕ್ಕ, ಮುಂದಿನ ಭಾನುವಾರ ಯಲಹಂಕದಲ್ಲಿ ಇದೇ ಪಂದ್ಯ ಐತಂತೆ. ನಾನು ಓಗೇ ಓಗ್ತೀನಿ. ಆದ್ರೆ ಆ ಬೋಲ್ಟ್ ಇನ್ಮ್ಯಾಲೆ ನಾನೇ ಬಿಗೀತೀನಿ. ನೀವು ಕಲಿಸ್ಕೊಡಿ.”

“ಅಣ್ಣನ್ನ ಕೇಳ್ರಿ. ಕಲಸ್ತಾನ.”

“ಕೇಳ್ದೆ. ಬಿಗಿ ವಿಷ್ಯದಲ್ಲಿ ನನ್ ಕೈಗಿಂತ ರತ್ನನ ಕೈ ವಾಸಿ, ಅವಳ್ನೇ ಕೇಳು ಅಂದ್ರು.”

ಕೇಳಿ ರತ್ನಕ್ಕನಿಗೆ ಹಿಗ್ಗಬೇಕಿತ್ತು. ಅರೆ ಕ್ಷಣ ಹಿಗ್ಗಿದ್ದೂ ಹೌದು. ಮರುಕ್ಷಣವೇ, ಈ ಮಾತನ್ನು ಅಣ್ಣ ಇಷ್ಟು ವರ್ಷ ನನಗೆ ಒಂದು ದಿನವೂ ಹೇಳದೆ, ಹೋಗಿ ಹೋಗಿ ಇವಳಿಗೆ ಹೇಳಿದನಲ್ಲ ಎಂದು ಮತ್ತೆ ಉರಿಯಿತು.

“ನೋಡೋಣು,” ಎಂದು ಹೇಳಿ ಕಳಿಸಿದಳು.

ಆಮೇಲೆ ಅಂಗಡಿಯಲ್ಲಿ ಒಬ್ಬಳೇ ಕೂತು ಯೋಚಿಸಿದಳು. ಓಡಿಸುವುದು ಶಿವಗಂಗಳಿಗೆ ಬರುತ್ತದೆ, ಯಾವ ಹ್ಯಾಂಡಲ್ ಎಂದು ಆರಿಸುವುದೂ ಬರುತ್ತದೆ. ಬಿಗಿಯುವುದನ್ನೂ ಕಲಿಸಿಬಿಟ್ಟರೆ ಈ ಅಂಗಡಿಯಲ್ಲಿ ತನ್ನದು ಎನ್ನುವುದು ಏನು ಉಳಿಯುತ್ತದೆ? ಕಲಿಸದಿದ್ದರೆ ಯಲಹಂಕಕ್ಕೂ ತಾನೇ ಬಿಗಿಯಬೇಕು. ಆ ಬೆಳಿಗ್ಗೆಯೂ ಅಣ್ಣ ಒಂದು ಹೊಸ ರಿಬ್ಬನ್ನು ತರುತ್ತಾನೆ. ಆಗ ಪಾನಾ ಹಿಡಿದ ತನ್ನ ಕೈ ಎಲ್ಲಿ ನಿಲ್ಲುತ್ತದೆ? ಅವಳು ಕೈಯನ್ನು ಮುಂದೆ ಚಾಚಿ, ತಿರುಗಿಸಿ ನೋಡಿದಳು. ಅಷ್ಟು ವರ್ಷ ನಂಬಿದ ಕೈಯ ಬಗ್ಗೆ ಅವಳಿಗೆ ಈಗ ಖಾತ್ರಿಯಿರಲಿಲ್ಲ. ಹೊಟ್ಟೆಕಿಚ್ಚನ್ನು ಇಟ್ಟುಕೊಂಡು ಬದುಕಬಹುದು ಅನ್ನಿಸಿತು. ತನ್ನ ಕೈಗೇ ಹೆದರಿಕೊಂಡು ಸೈಕಲ್ ಅಂಗಡಿಯಲ್ಲಿ ಕೂರಲು ಆಗುವುದಿಲ್ಲ.

ನಾಳೆ ಬೆಳಿಗ್ಗೆ, ಬಾಡಿಗೆಯ ಸೈಕಲ್ಲುಗಳನ್ನು ಹೊರಗೆ ಸಾಲಾಗಿ ನಿಲ್ಲಿಸಿದ ಮೇಲೆ, ಪಾನಾವನ್ನು ಶಿವಗಂಗಳ ಕೈಗೆ ಕೊಟ್ಟು, ಆ ಉದ್ದ ಬೋಲ್ಟನ್ನು ಪೂರ್ತಿ ಬಿಚ್ಚಿಸಿ, ಮೊದಲಿನಿಂದ ಬಿಗಿಯುವುದನ್ನು ಕಲಿಸುವುದು ಎಂದು ತೀರ್ಮಾನಿಸಿದಳು.